ಇನ್ಸುಲಿನ್ ಕೊಟ್ಟ ರೈತನ ಮಗ: ಫ್ರೆಡರಿಕ್ ಬ್ಯಾಂಟಿಂಗ್



ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಸಕ್ಕರೆ ಕಾಯಿಲೆ ಇರುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಊಟಕ್ಕೆ ಮೊದಲು ಪೆನ್ನಿನಂಥ ಸಾಧನದಿಂದ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳುವ ಅಜ್ಜಿಯನ್ನು ನೀವು ನೋಡಿರುತ್ತೀರಿ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಪುಟ್ಟ ಯಂತ್ರದಲ್ಲಿ ಸಕ್ಕರೆಯ ಪ್ರಮಾಣ ನೋಡಿಕೊಳ್ಳುವ ಚಿಕ್ಕಪ್ಪನನ್ನೂ ನೋಡಿರುತ್ತೀರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಂದಿಗೆ ಮಧುಮೇಹವಿದೆ. ಇನ್ನೂ 13 ಕೋಟಿ 60 ಲಕ್ಷ ಮಂದಿ ಅದರ ಹೊಸ್ತಿಲಲ್ಲಿದ್ದಾರೆ.

ಇಷ್ಟು ಜನ ಈ ಕಾಯಿಲೆಯನ್ನು ಇಟ್ಟುಕೊಂಡೇ ಓದುತ್ತಾರೆ, ದುಡಿಯುತ್ತಾರೆ, ಮಕ್ಕಳ ಮದುವೆ ಮಾಡುತ್ತಾರೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಾರೆ. ಸುಮಾರು ನೂರು ವರ್ಷಗಳ ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. ಈ ಬದಲಾವಣೆಗೆ ಬಾಗಿಲು ತೆರೆದವರಲ್ಲಿ ಮುಖ್ಯರಾದವರು ಕೆನಡಾದ ಒಬ್ಬ ರೈತನ ಮಗ. ಕಾಲೇಜಿನ ಮೊದಲ ವರ್ಷದಲ್ಲೇ ನಪಾಸಾದವರು, ಆಸ್ಪತ್ರೆಯಲ್ಲಿ ಖಾಯಂ ಕೆಲಸ ಸಿಗದವರು, ಸ್ವಂತ ದವಾಖಾನೆ ತೆರೆದು ರೋಗಿಗಳಿಗಾಗಿ ಕಾದು ಕುಳಿತವರು. ಅವರೇ ಡಾ. ಫ್ರೆಡರಿಕ್ ಗ್ರಾಂಟ್ ಬ್ಯಾಂಟಿಂಗ್.

ಉಪವಾಸವೇ ಔಷಧಿಯಾಗಿದ್ದ ಕಾಲ

ಮಧುಮೇಹ ಹೊಸ ರೋಗವಲ್ಲ. ನಮ್ಮ ದೇಶದ ಪ್ರಾಚೀನ ವೈದ್ಯರು ಮೂತ್ರದ ಸಿಹಿಯನ್ನು ಗುರುತಿಸಿಯೇ ಅದಕ್ಕೆ ಆ ಹೆಸರು ಕೊಟ್ಟರು. ಇಬ್ನ್ ಸೀನಾ ಅವರೂ ತಮ್ಮ ಅಲ್ ಕಾನೂನ್ ಗ್ರಂಥದಲ್ಲಿ ಈ ರೋಗದ ಲಕ್ಷಣಗಳನ್ನು ವಿವರಿಸಿದ್ದಾರೆ. ಆದರೆ ದೇಹದ ಯಾವ ಭಾಗ ಕೆಟ್ಟು ಇದು ಬರುತ್ತದೆ ಎಂಬುದು ಬಹಳ ಕಾಲ ತಿಳಿದಿರಲಿಲ್ಲ. 1869ರಲ್ಲಿ ಜರ್ಮನಿಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತೆ ಚದುರಿರುವ ಜೀವಕೋಶಗಳ ಗುಂಪುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ಇಬ್ಬರು ವಿಜ್ಞಾನಿಗಳು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ತೀವ್ರ ಮಧುಮೇಹ ಬಂತು. ಆ ಗ್ರಂಥಿಯಲ್ಲಿ ಸಕ್ಕರೆಯನ್ನು ಹತೋಟಿಯಲ್ಲಿಡುವ ಯಾವುದೋ ರಸವಿದೆ ಎಂಬುದು ಆಗ ಸ್ಪಷ್ಟವಾಯಿತು. ಆ ರಸವನ್ನು ಹೊರತೆಗೆಯಲು ಹಲವು ದೇಶಗಳಲ್ಲಿ ಹಲವರು ಪ್ರಯತ್ನಿಸಿದರು. ರೋಗಿಗೆ ಧೈರ್ಯವಾಗಿ ಕೊಡಬಹುದಾದ ಔಷಧಿ ಮಾತ್ರ ಯಾರ ಕೈಗೂ ಸಿಗಲಿಲ್ಲ.

ಈ ನಡುವೆ ರೋಗಿಗಳ ಪಾಡೇನು? ಮಕ್ಕಳಿಗೆ ಬರುವ ಮಧುಮೇಹದಲ್ಲಿ, ಅಂದರೆ ಇಂದು ನಾವು ಒಂದನೇ ವಿಧ ಎನ್ನುವ ಕಾಯಿಲೆಯಲ್ಲಿ, ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಸಕ್ಕರೆ ರಕ್ತದಲ್ಲಿ ತುಂಬಿ ಮೂತ್ರದಲ್ಲಿ ಹರಿದುಹೋಗುತ್ತದೆ. ದೇಹ ತನ್ನ ಕೊಬ್ಬನ್ನೇ ಕರಗಿಸುತ್ತ ರಕ್ತ ಆಮ್ಲೀಯವಾಗಿ, ಮಗು ಪ್ರಜ್ಞೆ ತಪ್ಪಿ ಸಾಯುತ್ತದೆ. ಅಮೆರಿಕದ ಡಾ. ಫ್ರೆಡರಿಕ್ ಆಲೆನ್ ಎಂಬವರು ಕಂಡುಕೊಂಡಿದ್ದ ದಾರಿಯೆಂದರೆ ಆಹಾರವನ್ನು ತೀರಾ ಕಡಿಮೆ ಮಾಡುವುದು. ಮಕ್ಕಳು ಎಲುಬಿನ ಗೂಡಾಗುತ್ತಿದ್ದರು, ಆದರೆ ಕೆಲವು ತಿಂಗಳೋ ಒಂದೆರಡು ವರ್ಷವೋ ಹೆಚ್ಚು ಬದುಕುತ್ತಿದ್ದರು. ಹಸಿದು ಅಳುವ ಮಗುವಿಗೆ ಊಟ ಕೊಡದಿರುವುದೇ ಆಗಿನ ತಾಯಂದಿರಿಗೆ ವೈದ್ಯರು ಹೇಳುತ್ತಿದ್ದ ಚಿಕಿತ್ಸೆ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಸೋಲುಗಳ ಸಾಲು

ಬ್ಯಾಂಟಿಂಗ್ ಹುಟ್ಟಿದ್ದು 1891ರ ನವೆಂಬರ್ 14ರಂದು, ಕೆನಡಾದ ಒಂಟಾರಿಯೋ ಪ್ರಾಂತ್ಯದ ಆಲಿಸ್ಟನ್ ಎಂಬ ಊರಿನ ಹತ್ತಿರದ ಹೊಲಮನೆಯಲ್ಲಿ. ಐದು ಮಕ್ಕಳಲ್ಲಿ ಅವರೇ ಕಿರಿಯರು. ಓದಿನಲ್ಲಿ ಬಹಳ ಚುರುಕೇನೂ ಆಗಿರಲಿಲ್ಲ, ಆದರೆ ಹಿಡಿದ ಕೆಲಸವನ್ನು ಬಿಡುವ ಜಾಯಮಾನ ಅವರದಲ್ಲ. 1910ರಲ್ಲಿ ಟೊರಾಂಟೋ ವಿಶ್ವವಿದ್ಯಾನಿಲಯದ ವಿಕ್ಟೋರಿಯಾ ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ಸೇರಿ ಮೊದಲ ವರ್ಷದಲ್ಲೇ ಅನುತ್ತೀರ್ಣರಾದರು. 1912ರಲ್ಲಿ ವೈದ್ಯಕೀಯ ವಿಭಾಗಕ್ಕೆ ಬದಲಾಯಿಸಿಕೊಂಡರು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಕಣ್ಣಿನ ದೃಷ್ಟಿ ಸಾಲದೆಂದು ಸೈನ್ಯ ಅವರನ್ನು ಮೊದಲು ಹಿಂದೆ ಕಳುಹಿಸಿತು. ಅವರು ಬಿಡಲಿಲ್ಲ, ಕೊನೆಗೂ ಸೇರಿದರು. ಯುದ್ಧಕ್ಕೆ ವೈದ್ಯರ ಅಗತ್ಯ ಬಹಳವಿದ್ದುದರಿಂದ 1916ರ ಡಿಸೆಂಬರ್‌ನಲ್ಲೇ ಅವರ ತರಗತಿಗೆ ಪದವಿ ಸಿಕ್ಕಿತು. 1918ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಕಾಂಬ್ರೆ ಬಳಿ ಗುಂಡಿನ ಚೂರು ಅವರ ಬಲಗೈಯನ್ನು ಸೀಳಿತು. ತಮ್ಮ ಗಾಯವನ್ನು ಲೆಕ್ಕಿಸದೆ ಗಂಟೆಗಟ್ಟಲೆ ಇತರ ಗಾಯಾಳುಗಳಿಗೆ ಚಿಕಿತ್ಸೆ ಮಾಡಿದ್ದಕ್ಕಾಗಿ 1919ರಲ್ಲಿ ಅವರಿಗೆ ಮಿಲಿಟರಿ ಕ್ರಾಸ್ ಗೌರವ ದೊರೆಯಿತು.

ಪದಕ ಸಿಕ್ಕಿತು, ಕೆಲಸ ಸಿಗಲಿಲ್ಲ. ಟೊರಾಂಟೋದ ಮಕ್ಕಳ ಆಸ್ಪತ್ರೆಯಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದರೂ ಅಲ್ಲಿ ಖಾಯಂ ಹುದ್ದೆ ಆಗಲಿಲ್ಲ. 1920ರ ಜುಲೈಯಲ್ಲಿ ಒಂಟಾರಿಯೋದ ಲಂಡನ್ ಎಂಬ ಪಟ್ಟಣಕ್ಕೆ ಹೋಗಿ ಸ್ವಂತ ದವಾಖಾನೆ ತೆರೆದರು. ಮೊದಲ ತಿಂಗಳ ಸಂಪಾದನೆ ಬರೀ 4 ಡಾಲರ್! ಹೊಟ್ಟೆಪಾಡಿಗಾಗಿ ಸ್ಥಳೀಯ ವೈದ್ಯಕೀಯ ಕಾಲೇಜಿನಲ್ಲಿ ಅರೆಕಾಲಿಕ ಪಾಠ ಹೇಳುವ ಕೆಲಸ ಹಿಡಿದರು.

ಆ ಪಾಠದ ತಯಾರಿಯೇ ಅವರ ಬದುಕನ್ನು ತಿರುಗಿಸಿತು. 1920ರ ಅಕ್ಟೋಬರ್ 30ರ ರಾತ್ರಿ ಮೇದೋಜೀರಕ ಗ್ರಂಥಿಯ ಬಗ್ಗೆ ಮೋಸೆಸ್ ಬ್ಯಾರನ್ ಎಂಬವರ ಲೇಖನ ಓದಿ ಮಲಗಿದರು, ನಿದ್ದೆ ಬರಲಿಲ್ಲ. ಈ ಗ್ರಂಥಿ ಜೀರ್ಣರಸವನ್ನೂ ತಯಾರಿಸುತ್ತದೆ. ನಮಗೆ ಬೇಕಾದ ರಸವನ್ನು ಹೊರತೆಗೆಯುವಾಗ ಆ ಜೀರ್ಣರಸವೇ ಅದನ್ನು ಹಾಳುಮಾಡುತ್ತಿರಬಹುದು. ನಾಯಿಯ ಗ್ರಂಥಿಯ ನಾಳವನ್ನು ಕಟ್ಟಿ ಕೆಲವು ವಾರ ಬಿಟ್ಟರೆ ಜೀರ್ಣರಸದ ಕೋಶಗಳು ಬಾಡಿಹೋಗಿ ಲ್ಯಾಂಗರ್‌ಹಾನ್ಸ್ ದ್ವೀಪಗಳು ಮಾತ್ರ ಉಳಿಯಬಹುದಲ್ಲವೇ? ನಡುರಾತ್ರಿ ಕಳೆದ ಮೇಲೆ ಎದ್ದು ಈ ಯೋಚನೆಯನ್ನು ನಾಲ್ಕೈದು ಸಾಲಿನಲ್ಲಿ ಗುರುತು ಹಾಕಿಕೊಂಡರು. ಆ ಟಿಪ್ಪಣಿಯಲ್ಲಿ ಮಧುಮೇಹದ ಇಂಗ್ಲಿಷ್ ಹೆಸರಿನ ಕಾಗುಣಿತವೇ ತಪ್ಪಾಗಿತ್ತು. ಕಾಗುಣಿತ ತಪ್ಪುವ ವಿದ್ಯಾರ್ಥಿಗಳು ಧೈರ್ಯಗೆಡಬೇಕಾಗಿಲ್ಲ!

ಬಿಸಿಲುಗಾಲದ ಪ್ರಯೋಗಶಾಲೆ

ಬ್ಯಾಂಟಿಂಗ್ ಟೊರಾಂಟೋಗೆ ಹೋಗಿ ಪ್ರೊಫೆಸರ್ ಜಾನ್ ಮ್ಯಾಕ್ಲಿಯಾಡ್ ಅವರನ್ನು ಕಂಡರು. ಮ್ಯಾಕ್ಲಿಯಾಡ್ ಈ ವಿಷಯದಲ್ಲಿ ಹೆಸರಾಂತ ಪಂಡಿತರು. ಎದುರಿಗೆ ಕುಳಿತ ಯುವ ವೈದ್ಯನಿಗೆ ಸಂಶೋಧನೆಯ ಅನುಭವ ಇಲ್ಲವೆಂಬುದು ಅವರಿಗೆ ಗೊತ್ತಾಯಿತು. ಆದರೂ ಒಂದು ಪ್ರಯೋಗಶಾಲೆ, ಕೆಲವು ನಾಯಿಗಳು ಮತ್ತು ಒಬ್ಬ ಸಹಾಯಕನನ್ನು ಕೊಡಲು ಒಪ್ಪಿದರು. ಸಹಾಯಕರಾಗಬಹುದಾದ ವಿದ್ಯಾರ್ಥಿಗಳು ಇಬ್ಬರಿದ್ದರು. ನಾಣ್ಯ ಚಿಮ್ಮಿ ನೋಡಿದಾಗ ಮೊದಲ ಸರದಿ 22 ವರ್ಷದ ಚಾರ್ಲ್ಸ್ ಬೆಸ್ಟ್ ಅವರ ಪಾಲಿಗೆ ಬಂತು.

1921ರ ಮೇ 17ರಂದು ಕೆಲಸ ಆರಂಭವಾಯಿತು. ಬೇಸಗೆಯ ಸೆಕೆ, ಇಕ್ಕಟ್ಟಿನ ಕೋಣೆ, ಸಂಬಳವಿಲ್ಲದ ದುಡಿಮೆ. ಮೊದಲ ವಾರಗಳಲ್ಲಿ ಹಲವು ನಾಯಿಗಳು ಸತ್ತವು. ಖರ್ಚಿಗಾಗಿ ಬ್ಯಾಂಟಿಂಗ್ ತಮ್ಮ ಕಾರನ್ನು ಮಾರಿದರು. ಜುಲೈ 30ರಂದು ಮಧುಮೇಹ ಬರಿಸಿದ್ದ ನಾಯಿಯೊಂದಕ್ಕೆ ತಾವು ತಯಾರಿಸಿದ ಸಾರವನ್ನು ಚುಚ್ಚಿದರು. ರಕ್ತದ ಸಕ್ಕರೆ ಇಳಿಯಿತು! ಆಮೇಲೆ ನಾಳ ಕಟ್ಟುವ ಕಷ್ಟದ ಕ್ರಮವೇ ಬೇಕಿಲ್ಲವೆಂದು, ಕಸಾಯಿಖಾನೆಯಿಂದ ತಂದ ದನಗಳ ಗ್ರಂಥಿಯಿಂದಲೂ ಆಲ್ಕೋಹಾಲ್ ಬಳಸಿ ಸಾರ ತೆಗೆಯಬಹುದೆಂದು ಗೊತ್ತಾಯಿತು. ಅಂದರೆ ಬ್ಯಾಂಟಿಂಗ್‌ಗೆ ಮೊದಲು ಹೊಳೆದ ಉಪಾಯ ಕೊನೆಗೆ ಅಗತ್ಯವೇ ಆಗಲಿಲ್ಲ. ಆದರೆ ಆ ಉಪಾಯದ ಬೆನ್ನು ಹತ್ತದಿದ್ದರೆ ಈ ದಾರಿ ಕಾಣುತ್ತಲೂ ಇರಲಿಲ್ಲ.

ಸಾರವನ್ನು ಶುದ್ಧಗೊಳಿಸಲು ಡಿಸೆಂಬರ್‌ನಲ್ಲಿ ಜೀವರಸಾಯನ ತಜ್ಞ ಜೇಮ್ಸ್ ಕಾಲಿಪ್ ಜೊತೆಗೂಡಿದರು. 1922ರ ಜನವರಿ 11ರಂದು ಟೊರಾಂಟೋ ಜನರಲ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಅವನ ತೂಕ ಆಗ ಸುಮಾರು 29 ಕಿಲೋ ಮಾತ್ರ. ಫಲಿತಾಂಶ ನಿರಾಶೆ ತಂದಿತು. ಸಕ್ಕರೆ ಅಷ್ಟಾಗಿ ಇಳಿಯಲಿಲ್ಲ, ಚುಚ್ಚಿದ ಜಾಗದಲ್ಲಿ ಕೀವು ಕಟ್ಟಿತು. ಕಾಲಿಪ್ ಹಗಲಿರುಳೂ ದುಡಿದು ಶುದ್ಧವಾದ ಸಾರ ತಯಾರಿಸಿದರು. ಜನವರಿ 23ರಂದು ಅದನ್ನು ಕೊಟ್ಟಾಗ ಹುಡುಗನ ರಕ್ತದ ಸಕ್ಕರೆ ಇಳಿಯಿತು, ಮೂತ್ರದ ವಿಷಾಂಶ ಮಾಯವಾಯಿತು. ಸಾವಿನ ದಿನ ಎಣಿಸುತ್ತಿದ್ದ ಆ ಹುಡುಗ ಇನ್ನೂ 13 ವರ್ಷ ಬದುಕಿದ.

ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯ ಮಗಳು ಎಲಿಜಬೆತ್ ಹ್ಯೂಸ್ ಟೊರಾಂಟೋಗೆ ಬಂದಳು. ಉಪವಾಸದ ಚಿಕಿತ್ಸೆಯಿಂದ ಅವಳ ತೂಕ 20 ಕಿಲೋಗೆ ಇಳಿದಿತ್ತು. ಬ್ಯಾಂಟಿಂಗ್ ಅವರ ಚಿಕಿತ್ಸೆಯಿಂದ ಚೇತರಿಸಿಕೊಂಡ ಆಕೆ ಓದಿ, ಮದುವೆಯಾಗಿ, ಮಕ್ಕಳ ತಾಯಿಯಾಗಿ 1981ರವರೆಗೂ ಬಾಳಿದರು.

ಒಂದು ಡಾಲರಿನ ಔಷಧಿ

ಈಗ ನೀವು ಮನಸ್ಸಿಟ್ಟು ಓದಬೇಕಾದ ಭಾಗ ಬಂತು. ಇನ್ಸುಲಿನ್‌ನ ಹಕ್ಕುಸ್ವಾಮ್ಯ ಇಟ್ಟುಕೊಂಡಿದ್ದರೆ ಇವರು ಕೋಟ್ಯಧೀಶರಾಗುತ್ತಿದ್ದರು. ಆದರೆ 1923ರ ಜನವರಿಯಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ಮೂವರೂ ತಲಾ ಒಂದು ಡಾಲರ್ ಪಡೆದು ಪೇಟೆಂಟನ್ನು ಟೊರಾಂಟೋ ವಿಶ್ವವಿದ್ಯಾನಿಲಯಕ್ಕೆ ಬರೆದುಕೊಟ್ಟರು. ಯಾರೋ ಒಬ್ಬರು ಈ ಔಷಧಿಯನ್ನು ಬೀಗ ಹಾಕಿ ಇಟ್ಟುಕೊಳ್ಳಬಾರದು, ಕಳಪೆ ಸರಕು ಮಾರುವವರೂ ಹುಟ್ಟಿಕೊಳ್ಳಬಾರದು ಎಂಬುದೇ ಅದರ ಉದ್ದೇಶ. ಅಮೆರಿಕದ ಎಲೈ ಲಿಲ್ಲಿ ಕಂಪನಿ ದೊಡ್ಡ ಪ್ರಮಾಣದಲ್ಲಿ ತಯಾರಿಕೆ ಆರಂಭಿಸಿತು. ಡೆನ್ಮಾರ್ಕಿನ ವಿಜ್ಞಾನಿ ಆಗಸ್ಟ್ ಕ್ರೋಗ್ ಅನುಮತಿ ಪಡೆದು ತಮ್ಮ ದೇಶದಲ್ಲೂ ತಯಾರಿಸಲು ವ್ಯವಸ್ಥೆ ಮಾಡಿದರು.

1923ರ ಅಕ್ಟೋಬರ್‌ನಲ್ಲಿ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್ ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ವೈದ್ಯಕೀಯದಲ್ಲಿ ಅಷ್ಟು ಕಿರಿಯ ವಯಸ್ಸಿನಲ್ಲಿ ಆ ಗೌರವ ಪಡೆದವರು ಬ್ಯಾಂಟಿಂಗ್ ಬಿಟ್ಟರೆ ಇಂದಿಗೂ ಇನ್ನೊಬ್ಬರಿಲ್ಲ. ಆದರೆ ಅವರು ಸಂತೋಷಪಡುವ ಬದಲು ಸಿಟ್ಟಾದರು. ಜೊತೆಗೆ ದುಡಿದ ಬೆಸ್ಟ್ ಅವರನ್ನು ಬಿಟ್ಟದ್ದು ಅನ್ಯಾಯ ಎಂದು ತಮ್ಮ ಪಾಲಿನ ಹಣದಲ್ಲಿ ಅರ್ಧವನ್ನು ಅವರಿಗೆ ಕೊಟ್ಟರು. ಮ್ಯಾಕ್ಲಿಯಾಡ್ ತಮ್ಮ ಪಾಲಿನ ಅರ್ಧವನ್ನು ಕಾಲಿಪ್ ಅವರಿಗೆ ಕೊಟ್ಟರು.

ಹಾಗೆಂದು ಬ್ಯಾಂಟಿಂಗ್ ದೋಷವೇ ಇಲ್ಲದ ಮನುಷ್ಯರೆಂದು ತಿಳಿಯಬೇಡಿ. ಮುಂಗೋಪಿ, ಸಂಶಯದ ಸ್ವಭಾವ. ತನ್ನ ಕೆಲಸದ ಕೀರ್ತಿಯನ್ನು ಮ್ಯಾಕ್ಲಿಯಾಡ್ ಕಸಿದುಕೊಳ್ಳುತ್ತಿದ್ದಾರೆ ಎಂಬ ಕಹಿ ಅವರ ಮನಸ್ಸಿನಿಂದ ಹೋಗಲಿಲ್ಲ. ಕಾಲಿಪ್ ಜೊತೆ ಒಮ್ಮೆ ಕೈಕೈ ಮಿಲಾಯಿಸಿದ್ದೂ ಉಂಟು. ನ್ಯಾಯವಾಗಿ ನೋಡಿದರೆ ನಾಲ್ವರಲ್ಲಿ ಒಬ್ಬರಿಲ್ಲದಿದ್ದರೂ ಈ ಕೆಲಸ ಆಗುತ್ತಿರಲಿಲ್ಲ. ಬ್ಯಾಂಟಿಂಗ್ ಅವರ ಹಠ, ಬೆಸ್ಟ್ ಅವರ ದುಡಿಮೆ, ಕಾಲಿಪ್ ಅವರ ಕೈಚಳಕ, ಮ್ಯಾಕ್ಲಿಯಾಡ್ ಅವರ ಪಾಂಡಿತ್ಯ ಇವೆಲ್ಲ ಸೇರಿ ಇನ್ಸುಲಿನ್ ಆಯಿತು. 1921ರಲ್ಲೇ ರುಮೇನಿಯಾದ ನಿಕೊಲಾಯ್ ಪೌಲೆಸ್ಕು ನಾಯಿಗಳ ಮೇಲೆ ಇದೇ ರೀತಿಯ ಸಾರ ಪ್ರಯೋಗಿಸಿ ಪ್ರಕಟಿಸಿದ್ದರು. ನೊಬೆಲ್ ಸಮಿತಿ ಅವರನ್ನು ಗಮನಿಸಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಮುಂದೆ ಬ್ಯಾಂಟಿಂಗ್ ಅವರಿಗೆ ಸರಕಾರದಿಂದ ಜೀವನಪರ್ಯಂತ ವರ್ಷಾಶನ, 1934ರಲ್ಲಿ ಸರ್ ಪದವಿ ಬಂದವು. ಕ್ಯಾನ್ಸರ್, ಗಣಿ ಕಾರ್ಮಿಕರ ಶ್ವಾಸಕೋಶದ ರೋಗ ಮುಂತಾದ ವಿಷಯಗಳಲ್ಲಿ ದುಡಿದರೂ ಇನ್ಸುಲಿನ್‌ನಂಥ ಯಶಸ್ಸು ಮತ್ತೆ ಸಿಗಲಿಲ್ಲ. ಮನಸ್ಸಿನ ನೆಮ್ಮದಿಗಾಗಿ ಚಿತ್ರ ಬರೆಯುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ವಿಮಾನ ಚಾಲಕರ ಆರೋಗ್ಯದ ಸಂಶೋಧನೆಗೆ ಕೈಹಾಕಿದರು. 1941ರ ಫೆಬ್ರವರಿ 20ರ ರಾತ್ರಿ ಇಂಗ್ಲೆಂಡಿಗೆ ಹೊರಟಿದ್ದ ಅವರ ವಿಮಾನ ನ್ಯೂಫೌಂಡ್‌ಲ್ಯಾಂಡ್‌ನ ಹಿಮಾವೃತ ಕಾಡಿನಲ್ಲಿ ಬಿತ್ತು. ಮರುದಿನ ಅವರು ಕೊನೆಯುಸಿರೆಳೆದರು. ಆಗ ಅವರ ವಯಸ್ಸು 49.

ಅವರ ನಂತರ

ಬ್ಯಾಂಟಿಂಗ್ ತೆರೆದ ಬಾಗಿಲಿನಿಂದ ಮುಂದೆ ಎಷ್ಟು ದೂರ ನಡೆದಿದ್ದೇವೆ ನೋಡಿ. ಅವರ ಕಾಲದ ರೋಗಿಗಳು ಗಾಜಿನ ಸಿರಿಂಜನ್ನು ಕುದಿಸಿ, ಸೂಜಿಯನ್ನು ಕಲ್ಲಿಗೆ ಉಜ್ಜಿ ಹರಿತ ಮಾಡಿಕೊಳ್ಳುತ್ತಿದ್ದರು. ಸಕ್ಕರೆ ತಿಳಿಯಲು ಇದ್ದದ್ದು ಮೂತ್ರ ಪರೀಕ್ಷೆ ಮಾತ್ರ. ನೀವು ಕಾಲೇಜಿನ ಲ್ಯಾಬಿನಲ್ಲಿ ಬೆನೆಡಿಕ್ಟ್ ದ್ರಾವಣ ಹಾಕಿ ಬಿಸಿಮಾಡಿ ನೀಲಿ ಬಣ್ಣ ಹಸಿರಾಗಿ, ಹಳದಿಯಾಗಿ, ಇಟ್ಟಿಗೆ ಕೆಂಪಾಗುವುದನ್ನು ನೋಡಿದ್ದೀರಲ್ಲ, ಅದೇ ಪರೀಕ್ಷೆ. 1965ರಲ್ಲಿ ರಕ್ತದ ಹನಿ ಹಾಕಿ ನೋಡುವ ಪಟ್ಟಿ ಬಂತು. 1970ರ ಸುಮಾರಿಗೆ ಆ ಪಟ್ಟಿಯನ್ನು ಓದುವ ಮೀಟರ್ ಬಂತು, ಅದು ವೈದ್ಯರ ಮೇಜಿನ ಮೇಲೆ ಇಡುವಂಥದ್ದು. ಮನೆಮನೆಗೆ ಹೋಗುವ ಪುಟ್ಟ ಮೀಟರ್ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯ ಬುನಾದಿಯನ್ನು 1960ರ ದಶಕದ ಕೊನೆಯಲ್ಲಿ ಹಾಕಿದವರು ಟೆಹರಾನ್ ವಿಶ್ವವಿದ್ಯಾನಿಲಯದ ಸ್ಯಾಮ್ಯುಯೆಲ್ ರಹ್ಬರ್. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ ಮತ್ತು ನರಗಳಿಗೆ ಆಗುವ ಹಾನಿ ಬಹಳ ಕಡಿಮೆಯಾಗುತ್ತದೆಂದು 1,441 ರೋಗಿಗಳ ಮೇಲೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನ ಸಾಬೀತುಪಡಿಸಿತು.

ಔಷಧಿಯೂ ಬದಲಾಯಿತು. ಮೊದಲ ಅರವತ್ತು ವರ್ಷ ಇನ್ಸುಲಿನ್ ಬರುತ್ತಿದ್ದದ್ದು ದನ ಮತ್ತು ಹಂದಿಗಳ ಗ್ರಂಥಿಯಿಂದ. ಬೇರೆ ಬೇರೆ ಧರ್ಮದ ರೋಗಿಗಳಿಗೆ ಇದು ಮುಜುಗರದ ವಿಷಯವಾಗಿತ್ತು. 1978ರಲ್ಲಿ ವಿಜ್ಞಾನಿಗಳು ಬ್ಯಾಕ್ಟೀರಿಯಾದೊಳಗೆ ಮಾನವ ಇನ್ಸುಲಿನ್‌ನ ವಂಶವಾಹಿ ಸೇರಿಸಿ ಅದರಿಂದಲೇ ಇನ್ಸುಲಿನ್ ತಯಾರಿಸಿದರು. 1982ರಲ್ಲಿ ಅದು ಮಾರುಕಟ್ಟೆಗೆ ಅನುಮತಿ ಪಡೆಯಿತು. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ ಒಂದು ಬಗೆಯ ಯೀಸ್ಟ್ ಬಳಸಿ ಮಾನವ ಇನ್ಸುಲಿನ್ ತಯಾರಿಸಿ 2004ರಲ್ಲಿ ಬಿಡುಗಡೆ ಮಾಡಿತು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

1985ರಲ್ಲಿ ಇನ್ಸುಲಿನ್ ಪೆನ್ ಬಂತು. ಬೆನ್ನಿಗೆ ಹೊರುವಷ್ಟು ದೊಡ್ಡದಾಗಿ 1963ರಲ್ಲಿ ಶುರುವಾದ ಇನ್ಸುಲಿನ್ ಪಂಪು ಇಂದು ಜೇಬಿನಲ್ಲಿ ಹಿಡಿಸುತ್ತದೆ. 1999ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ನಿರಂತರ ಮಾಪಕ ಚರ್ಮದಡಿ ಇರುವ ಸಂವೇದಕದ ಮೂಲಕ ಕೆಲವು ನಿಮಿಷಗಳಿಗೊಮ್ಮೆ ಸಕ್ಕರೆ ಅಳೆಯುತ್ತದೆ. ಇಂದಿನ ಮಾಪಕಗಳು ಮೊಬೈಲ್ ಫೋನಿಗೇ ಅಂಕಿ ಕಳುಹಿಸುತ್ತವೆ. ಮಾಪಕ ಮತ್ತು ಪಂಪನ್ನು ಜೋಡಿಸಿ, ಎಷ್ಟು ಇನ್ಸುಲಿನ್ ಬಿಡಬೇಕೆಂದು ಬಹುಮಟ್ಟಿಗೆ ಯಂತ್ರವೇ ಲೆಕ್ಕ ಹಾಕುವ ವ್ಯವಸ್ಥೆಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಊಟದ ಲೆಕ್ಕವನ್ನು ಮಾತ್ರ ರೋಗಿಯೇ ಹೇಳಬೇಕು. ರಾತ್ರಿ ನಿದ್ದೆಯಲ್ಲಿ ಮಗುವಿನ ಸಕ್ಕರೆ ಕುಸಿದೀತೇ ಎಂದು ಎದ್ದು ಕೂರುತ್ತಿದ್ದ ತಾಯಂದಿರಿಗೆ ಇದು ಎಷ್ಟು ದೊಡ್ಡ ಸಮಾಧಾನ ಎಂದು ಯೋಚಿಸಿ.

ನಮ್ಮ ಪಾಲಿನ ಕೆಲಸ

ಆದರೆ ಓದುಗರೇ, ಒಂದು ಪ್ರಶ್ನೆ ಉಳಿಯುತ್ತದೆ. ಒಂದು ಡಾಲರಿಗೆ ಬರೆದುಕೊಟ್ಟ ಔಷಧಿ ಎಲ್ಲರಿಗೂ ಸಿಗುತ್ತಿದೆಯೇ? ಬಡ ದೇಶಗಳಲ್ಲಿ ಇನ್ಸುಲಿನ್ ಸಿಗದೆ ಸಾಯುವ ಮಕ್ಕಳು ಇನ್ನೂ ಇದ್ದಾರೆ. ಶ್ರೀಮಂತ ಅಮೆರಿಕದಲ್ಲೇ ಬೆಲೆ ಏರಿ ರೋಗಿಗಳು ಔಷಧಿಯನ್ನು ಅಳೆದು ಉಳಿಸಿ ಬಳಸುವ ಸ್ಥಿತಿ ಬಂದಿತ್ತು. ಜನರ ಒತ್ತಡ ಹೆಚ್ಚಿದ ಮೇಲೆ 2023ರಲ್ಲಿ ಅಲ್ಲಿನ ಕಂಪನಿಗಳು ಬೆಲೆ ಇಳಿಸುವುದಾಗಿ ಪ್ರಕಟಿಸಿದವು. ಪಂಪು, ಮಾಪಕಗಳು ನಮ್ಮ ದೇಶದ ಸಾಮಾನ್ಯ ಕುಟುಂಬದ ಕೈಗೆ ಇನ್ನೂ ಎಟುಕುವಂತಿಲ್ಲ. ಎಂಜಿನಿಯರಿಂಗ್, ಫಾರ್ಮಸಿ, ವೈದ್ಯಕೀಯ ಓದುತ್ತಿರುವ ವಿದ್ಯಾರ್ಥಿಗಳೇ, ಇವನ್ನು ಅಗ್ಗವಾಗಿ ತಯಾರಿಸುವ ಕೆಲಸ ನಿಮಗಾಗಿ ಕಾದಿದೆ.

ಇನ್ಸುಲಿನ್ ರೋಗವನ್ನು ಗುಣಪಡಿಸುವುದಿಲ್ಲ, ಹತೋಟಿಯಲ್ಲಿಡುತ್ತದೆ ಅಷ್ಟೆ ಎಂಬುದನ್ನು ಬ್ಯಾಂಟಿಂಗ್ ಅವರೇ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಸ್ಪಷ್ಟಪಡಿಸಿದ್ದರು. ನಮ್ಮಲ್ಲಿ ಹೆಚ್ಚಿನವರಿಗೆ ಇರುವುದು ಎರಡನೇ ವಿಧದ ಮಧುಮೇಹ. ಅದರಲ್ಲಿ ಮಿತವಾದ ಊಟ, ದಿನವೂ ನಡಿಗೆ, ತಪ್ಪದ ಮಾತ್ರೆ, ಕಾಲಕಾಲಕ್ಕೆ ಪರೀಕ್ಷೆ ಇವು ಯಾವ ಯಂತ್ರಕ್ಕೂ ಕಡಿಮೆಯಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ರಮಝಾನಿನ ಉಪವಾಸಕ್ಕೆ ಕೆಲವು ವಾರ ಮೊದಲೇ ವೈದ್ಯರನ್ನು ಕಂಡು, ಉಪವಾಸ ಹಿಡಿಯಬಹುದೇ, ಹಿಡಿದರೆ ಔಷಧಿಯ ಪ್ರಮಾಣ ಮತ್ತು ಹೊತ್ತನ್ನು ಹೇಗೆ ಬದಲಾಯಿಸಬೇಕು ಎಂದು ಕೇಳಿ ತಿಳಿದುಕೊಳ್ಳಲಿ. ಯಾರದೋ ಮಾತು ಕೇಳಿ ಇನ್ಸುಲಿನ್ ನಿಲ್ಲಿಸುವುದು ಮಾತ್ರ ಪ್ರಾಣಕ್ಕೆ ಅಪಾಯ.

ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14 ಈಗ ವಿಶ್ವ ಮಧುಮೇಹ ದಿನ. ನಮ್ಮ ದೇಶದಲ್ಲಿ ಅದು ಮಕ್ಕಳ ದಿನವೂ ಹೌದು. ಇನ್ಸುಲಿನ್‌ನಿಂದ ಮೊದಲು ಬದುಕಿದವರು ಮಕ್ಕಳೇ ಆದ್ದರಿಂದ ಈ ಎರಡು ದಿನಗಳು ಕೂಡಿಬಂದದ್ದು ಚೆನ್ನಾಗಿಯೇ ಇದೆ. ಆ ರಾತ್ರಿ ಅವರಿಗೆ ಯೋಚನೆ ಹೊಳೆದ ಲಂಡನ್ ಪಟ್ಟಣದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅದರ ಅಂಗಳದಲ್ಲಿ 1989ರಿಂದ ಒಂದು ಜ್ಯೋತಿ ಉರಿಯುತ್ತಿದೆ. ಮಧುಮೇಹವನ್ನು ಪೂರ್ತಿ ಗುಣಪಡಿಸುವ ದಾರಿ ಸಿಕ್ಕ ದಿನ ಅದನ್ನು ಆರಿಸಬೇಕೆಂದು ತೀರ್ಮಾನವಾಗಿದೆ. ಮೊದಲ ವರ್ಷ ನಪಾಸಾದ ಒಬ್ಬ ಹುಡುಗ ಇಷ್ಟು ಮಾಡಿದರೆ, ಆ ಜ್ಯೋತಿಯನ್ನು ಆರಿಸುವ ಕೈ ನಿಮ್ಮಲ್ಲಿ ಒಬ್ಬರದಾಗಬಾರದೇಕೆ?